ಎದುರುಬದುರು ಕೂರಿಸುವ ಮುನ್ನ

ತಪ್ಪೆಸಗಿದ ಹದಿಹರೆಯದವರನ್ನೂ ಅವರಿಂದ ನೊಂದವರನ್ನೂ ಎದುರುಬದುರು ಕೂರಿಸಿ ಮಾತನಾಡಿಸುವ ಮಧ್ಯಸ್ಥಿಕೆಗೆ ನಾನು ಇಳಿದಾಗ, ಸಭೆಯ ದಿನ ನಡೆಯುವುದೇ ಕೆಲಸವೆಂದು ತಿಳಿದಿದ್ದೆ. 1974ರಲ್ಲಿ ಕೆನಡಾದ ಎಲ್ಮೈರಾದಲ್ಲಿ 22 ಕಡೆ ಆಸ್ತಿ ಹಾಳುಗೆಡವಿದ್ದ ಇಬ್ಬರು ಯುವಕರನ್ನು ನೊಂದವರ ಮನೆಬಾಗಿಲಿಗೇ ಕರೆದೊಯ್ದ ಪ್ರಸಂಗವನ್ನು ತರಬೇತಿಯಲ್ಲಿ ಕೇಳಿದ್ದೆ. ಕೇಳಲು ಸರಳವಾಗಿದ್ದದ್ದು ಮಾಡಲೂ ಸರಳವೆಂದುಕೊಂಡೆ.

ಆರಂಭದ ದಿನಗಳಲ್ಲಿ ಮನೆಗಳ್ಳತನ ಮಾಡಿದ್ದ ಹುಡುಗನೊಬ್ಬನನ್ನು ಮೂರು ಬಾರಿ ಭೇಟಿಯಾದ ನಾನು, ಆ ಮನೆಯ ಮಹಿಳೆಯೊಂದಿಗೆ ದೂರವಾಣಿಯಲ್ಲಿ ಒಮ್ಮೆ ಮಾತ್ರ ಮಾತನಾಡಿದ್ದೆ. ಸಭೆಯಲ್ಲಿ ಹುಡುಗ ಬರೆದು ತಂದಿದ್ದ ಕ್ಷಮಾಪಣೆಯನ್ನು ಓದಿದ. ಅವರು ಪೂರ್ತಿ ಕೇಳಿಸಿಕೊಂಡು, "ನಾನು ಮನೆಯಲ್ಲಿಲ್ಲವೆಂದು ನಿನಗೆ ಹೇಗೆ ಗೊತ್ತಾಯಿತು?" ಎಂದು ಕೇಳಿದರು. ಹುಡುಗ ತಾಯಿಯ ಮುಖ ನೋಡಿದ. ತಾಯಿಯೇ ಏನೋ ಉತ್ತರಿಸಿದರು. ಮಹಿಳೆ ಎದ್ದು ಹೊರಟುಹೋದರು. ತನ್ನನ್ನು ಯಾರೋ ದಿನವೂ ಗಮನಿಸುತ್ತಿದ್ದರೆಂಬ ಭಯದಲ್ಲೇ ಅವರು ತಿಂಗಳುಗಟ್ಟಲೆ ನಿದ್ದೆಗೆಟ್ಟಿದ್ದರೆಂಬುದು ನನಗೆ ತಿಳಿದದ್ದು ಆಮೇಲೆ. ಮೊದಲೇ ಹೋಗಿ ಕೇಳಿದ್ದರೆ ತಿಳಿಯುತ್ತಿತ್ತು.

ಅಂದಿನಿಂದ ನೊಂದವರ ಬಳಿಗೆ ನಾನೇ ಹೋಗುತ್ತೇನೆ. ಯಾರು ಮೊದಲು ಮಾತನಾಡಬೇಕು, ಬಾಗಿಲಿಗೆ ಹತ್ತಿರ ಯಾರು ಕೂರಬೇಕು, ಯಾವ ಪ್ರಶ್ನೆಗೆ ಉತ್ತರ ಬೇಕೇ ಬೇಕು ಎಂಬುದನ್ನು ಅವರಿಂದಲೇ ಕೇಳಿ ತಿಳಿಯುತ್ತೇನೆ. ಮುಖ ನೋಡಲು ಇಷ್ಟವಿಲ್ಲದವರ ಪ್ರಶ್ನೆಗಳನ್ನು ನಾನೇ ಒಯ್ದು ಉತ್ತರ ತರುವುದೂ ಉಂಟು. ಕೃತ್ಯವನ್ನೇ ಅಲ್ಲಗಳೆಯುವವರನ್ನು ಸಭೆಗೆ ಕರೆಯುವುದಿಲ್ಲ. ಒಪ್ಪಿಕೊಂಡವರಿಗೂ ಕ್ಷಮಾಪಣೆಯನ್ನು ಬಾಯಿಪಾಠ ಮಾಡಿಸುವುದಿಲ್ಲ, ಆ ದಿನ ಬೆಳಗಿನಿಂದ ಏನೇನಾಯಿತೆಂದು ಹೇಳಿಸುತ್ತೇನೆ. ನ್ಯೂಜಿಲೆಂಡ್ 1989ರ ಕಾಯ್ದೆಯ ಮೂಲಕ ಇಂಥ ಸಭೆಗಳಲ್ಲಿ ಕುಟುಂಬಕ್ಕೆ ಸ್ಥಾನ ಕೊಟ್ಟದ್ದು ಸರಿಯೆಂದೇ ನನ್ನ ಅಭಿಪ್ರಾಯ, ಆದರೆ ಮಗುವಿಗೆ ಕೇಳಿದ ಪ್ರಶ್ನೆಗೆ ತಾವು ಉತ್ತರಿಸಬಾರದೆಂದು ತಂದೆತಾಯಿಯರನ್ನು ಮುಂಚಿತವಾಗಿಯೇ ಒಪ್ಪಿಸುತ್ತೇನೆ. ಹುಡುಗರನ್ನು ಒಪ್ಪಿಸುವುದಕ್ಕಿಂತ ಇದೇ ಕಷ್ಟ.

ಕೆಲವು ವರ್ಷಗಳ ಬಳಿಕ ಮತ್ತೊಂದು ಕಳ್ಳತನದ ಸಭೆಯಲ್ಲಿ, ಮನೆಯ ಯಜಮಾನರು ಅದೇ ಪ್ರಶ್ನೆ ಕೇಳಿದರು. ಹುಡುಗ ಬಹಳ ಹೊತ್ತು ಸುಮ್ಮನಿದ್ದ, ನಾನೂ ಬಾಯಿ ಹಾಕಲಿಲ್ಲ. "ಬಾಗಿಲ ಮುಂದೆ ಮೂರು ದಿನದ ಪತ್ರಿಕೆ ಹಾಗೇ ಬಿದ್ದಿತ್ತು, ಅದನ್ನು ನೋಡಿದೆ" ಎಂದ. "ಅಷ್ಟೇನಾ?" ಎಂದು ಕೇಳಿದ ಅವರು, ಅಲ್ಲಿಯವರೆಗೆ ತುದಿಯಲ್ಲಿ ಕೂತಿದ್ದ ಕುರ್ಚಿಗೆ ಮೊದಲ ಬಾರಿ ಬೆನ್ನು ಆನಿಸಿದರು.