ವಿಎಂಗೆ ಹೊರಗಿನಿಂದ ದಾರಿ: ಪೋರ್ಟ್ ಫಾರ್ವರ್ಡಿಂಗ್‌ನಲ್ಲಿ ನನ್ನ ಅನುಭವ

ನನ್ನ ಹಳೆಯ ಡೆಸ್ಕ್‌ಟಾಪ್‌ನೊಳಗೆ ಓಡುವ ಒಂದು ವರ್ಚುವಲ್ ಮೆಷೀನ್ (ವಿಎಂ, ಅಂದರೆ ಕಂಪ್ಯೂಟರಿನೊಳಗೆ ತಂತ್ರಾಂಶದಿಂದ ರೂಪಿಸಿದ ಇನ್ನೊಂದು ಕಂಪ್ಯೂಟರ್) ಸುಮಾರು 14 ತಿಂಗಳಿನಿಂದ ಹೊರಗಿನ ಯಾವ ನೆಟ್‌ವರ್ಕಿನಿಂದ ಕರೆದರೂ ಓಗೊಡುತ್ತಿದೆ. ನ್ಯಾಟ್ (ಒಂದೇ ವಿಳಾಸದ ಹಿಂದೆ ಹಲವು ಯಂತ್ರಗಳನ್ನು ಇಡುವ ವ್ಯವಸ್ಥೆ) ಹಿಂದೆ ಕುಳಿತ ವಿಎಂಗೆ ಪೋರ್ಟ್ (ಯಂತ್ರದ ಒಂದೊಂದು ಸೇವೆಗಿರುವ ಬಾಗಿಲಿನ ಸಂಖ್ಯೆ) ಫಾರ್ವರ್ಡ್ ಮಾಡುವುದು, ಅಂದರೆ ಹೊರಗಿನಿಂದ ಬಂದ ಸಂಪರ್ಕವನ್ನು ಅದಕ್ಕೆ ದಾಟಿಸುವುದು, ದಂಡದ ಕೆಲಸ, ಬ್ರಿಡ್ಜ್ ಹಾಕಿಕೊಳ್ಳಿ (ವಿಎಂ ಮನೆಯ ನೆಟ್‌ವರ್ಕಿಗೆ ನೇರವಾಗಿ ಸೇರುವಂತೆ ಮಾಡಿ), ಆಗದಿದ್ದರೆ ಒಂದು ಸರ್ವರ್ ಬಾಡಿಗೆಗೆ ಹಿಡಿಯಿರಿ ಎಂದು ಜೊತೆಯಲ್ಲಿ ಕೆಲಸ ಮಾಡುವ ಇಬ್ಬರು ಆರಂಭದಲ್ಲೇ ಹೇಳಿದ್ದರು. ಎರಡು ತಿಂಗಳ ಕಾಲ ಅವರ ಮಾತೇ ನಿಜವೆಂದು ನನಗೂ ಅನ್ನಿಸಿತ್ತು. ನ್ಯಾಟ್, ಪೋರ್ಟ್‌ಗಳ ಪಾಠಕ್ಕೆ ಹೆಚ್ಚು ಇಳಿಯದೆ ನಾನು ಎಲ್ಲೆಲ್ಲಿ ಎಡವಿದೆ, ಎಷ್ಟು ದುಡ್ಡು ಕಳೆದೆ ಎಂಬುದನ್ನೇ ಹೆಚ್ಚಾಗಿ ಬರೆಯುತ್ತೇನೆ. ಅಂಕಿಗಳೆಲ್ಲ ನೆನಪಿನಿಂದ ಕೊಟ್ಟವು.

ಬ್ರಿಡ್ಜ್ ಏಕೆ ಹಾಕಲಿಲ್ಲ ಎಂಬ ಪ್ರಶ್ನೆಗೆ ಮೊದಲೇ ಉತ್ತರಿಸಿಬಿಡುತ್ತೇನೆ. ನನ್ನ ಡೆಸ್ಕ್‌ಟಾಪ್ ವೈಫೈನಲ್ಲಿದೆ, ಅದು ಇರುವ ಮೂಲೆಯವರೆಗೆ ಕೇಬಲ್ ಎಳೆಯುವುದು ಸಾಧ್ಯವಿರಲಿಲ್ಲ. ವೈಫೈ ಆಕ್ಸೆಸ್ ಪಾಯಿಂಟ್ ತನ್ನೊಡನೆ ನೋಂದಾಯಿಸಿಕೊಂಡ ಮ್ಯಾಕ್ ವಿಳಾಸದಿಂದ (ನೆಟ್‌ವರ್ಕ್ ಕಾರ್ಡಿನ ಗುರುತುಸಂಖ್ಯೆಯಿಂದ) ಬಂದ ಫ್ರೇಮುಗಳನ್ನು (ದತ್ತಾಂಶದ ತುಣುಕುಗಳನ್ನು) ಮಾತ್ರ ಒಪ್ಪಿಕೊಳ್ಳುತ್ತದೆ. ವಿಎಂನ ಮ್ಯಾಕ್ ಅದರ ಲೆಕ್ಕದಲ್ಲಿ ಪರಕೀಯ. ಇದು ಗೊತ್ತಿದ್ದೂ ನನ್ನ ಕಾರ್ಡಿನಲ್ಲಿ ಆಗಬಹುದೇನೋ ಎಂಬ ಆಸೆಯಿಂದ ಎರಡು ಸಂಜೆ ಕಳೆದೆ. ಆಗಲಿಲ್ಲ. ಸೇವೆಗಳನ್ನು ನೇರವಾಗಿ ಹೋಸ್ಟಿನ (ವಿಎಂ ಓಡುವ ಡೆಸ್ಕ್‌ಟಾಪ್‌ನ) ಮೇಲೆಯೇ ಇಡಬಹುದಿತ್ತು ಎನ್ನುವವರಿಗೆ ನನ್ನ ಉತ್ತರ ಚಿಕ್ಕದು: ಹೊರಗಿನವರು ಮುಟ್ಟುವ ಯಂತ್ರ ಕೆಟ್ಟರೆ ಅದನ್ನು ಅಳಿಸಿ ಹಳೆಯ ಸ್ನ್ಯಾಪ್‌ಶಾಟ್‌ಗೆ (ಉಳಿಸಿಟ್ಟ ಸ್ಥಿತಿಗೆ) ಮರಳುವಂತಿರಬೇಕು.

ಮೊದಲು ವಿಎಂ ಓಡಿಸುವ ತಂತ್ರಾಂಶ ವರ್ಚುವಲ್‌ಬಾಕ್ಸ್‌ನ ನ್ಯಾಟ್ ಮೋಡಿನಲ್ಲಿ ಹೋಸ್ಟಿನ 2222ನೆಯ ಪೋರ್ಟನ್ನು ವಿಎಂನ 22ಕ್ಕೆ (ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್‌ನ ಪೋರ್ಟಿಗೆ) ತಿರುಗಿಸಿದೆ. ಮನೆಯೊಳಗೆ ಐದು ನಿಮಿಷದಲ್ಲಿ ಕೆಲಸವಾಯಿತು. ಆದರೆ 443ನ್ನು (ಸುರಕ್ಷಿತ ವೆಬ್‌ನ ಪೋರ್ಟನ್ನು) ಹಾಗೆಯೇ ತೆರೆಯಲು ಹೋದಾಗ, ಲಿನಕ್ಸ್‌ನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟುಗಳನ್ನು ಸಾಮಾನ್ಯ ಬಳಕೆದಾರನ ಪ್ರೋಸೆಸ್ ಹಿಡಿಯಲಾರದು ಎಂಬ ಗೋಡೆ ಎದುರಾಯಿತು. ಸುತ್ತುದಾರಿಗಳಿದ್ದವು, ಆದರೂ ಇದೇ ನೆಪದಲ್ಲಿ ಲಿನಕ್ಸ್‌ನದೇ ಆದ ಕೆವಿಎಂ ಮತ್ತು ಅದನ್ನು ನಿರ್ವಹಿಸುವ ಲಿಬ್‌ವರ್ಟ್‌ಗೆ ಬದಲಾದೆ. ಆ ನಿರ್ಧಾರದ ಬಗ್ಗೆ ಈಗ ಪಶ್ಚಾತ್ತಾಪವಿಲ್ಲ, ಆಗ ಬೇಕಾದಷ್ಟಿತ್ತು.

ದುಡ್ಡು ಪೋಲಾದದ್ದು ರೂಟರ್‌ನಲ್ಲಿ. ಹೊರಗಿನಿಂದ ಬಂದ ಸಂಪರ್ಕ ರೂಟರ್‌ಗೇ ತಲುಪುತ್ತಿಲ್ಲ ಎಂಬುದು ತಿಳಿದಾಗ ನಾನು ರೂಟರನ್ನೇ ಅನುಮಾನಿಸಿದೆ. ಫರ್ಮ್‌ವೇರ್ ಬದಲಿಸಿದೆ, ಯುಪಿಎನ್‌ಪಿ (ಪೋರ್ಟುಗಳನ್ನು ತಾನಾಗಿ ತೆರೆಯುವ ಸೌಲಭ್ಯ) ಆರಿಸಿದೆ, ಹಚ್ಚಿದೆ, ಕೊನೆಗೆ ಎರಡು ತಿಂಗಳ ಇಂಟರ್ನೆಟ್ ಬಿಲ್ಲಿನಷ್ಟು ತೆತ್ತು ಹೊಸ ರೂಟರ್ ತಂದೆ. ಅದರಲ್ಲೂ ಅದೇ ಕಥೆ. ಮೂರು ವಾರಾಂತ್ಯಗಳಾದ ಮೇಲೆ ಒಂದು ದಿನ ಸುಮ್ಮನೆ ರೂಟರ್‌ನ ವ್ಯಾನ್ (ಹೊರಗಿನ ಸಂಪರ್ಕದ) ಪುಟ ನೋಡುತ್ತಿದ್ದಾಗ ವಿಳಾಸ 100.72 ಎಂದು ಆರಂಭವಾಗುತ್ತಿದ್ದುದು ಕಣ್ಣಿಗೆ ಬಿತ್ತು. 100.64ರಿಂದ 100.127ರವರೆಗಿನ ಆ ಇಡೀ ಪಟ್ಟಿಯನ್ನು 2012ರಲ್ಲಿ ಆರ್‌ಎಫ್‌ಸಿ 6598 ಎಂಬ ಇಂಟರ್ನೆಟ್ ನಿಯಮಗಳ ದಾಖಲೆಯ ಮೂಲಕ ಸೇವಾದಾರರ ಸಾಮೂಹಿಕ ನ್ಯಾಟ್‌ಗೆಂದೇ ತೆಗೆದಿರಿಸಲಾಗಿದೆ. ಅಂದರೆ ನನ್ನ ಸಾರ್ವಜನಿಕ ವಿಳಾಸ ನನ್ನದಾಗಿರಲೇ ಇಲ್ಲ. ಎಷ್ಟೋ ಮನೆಗಳು ಅದನ್ನೇ ಹಂಚಿಕೊಂಡಿದ್ದವು. ಇಂಥ ಸಾಮೂಹಿಕ ನ್ಯಾಟ್ (ಸಿಜಿನ್ಯಾಟ್) ಹಿಂದೆ ಕುಳಿತು ರೂಟರ್‌ನಲ್ಲಿ ಎಷ್ಟು ನಿಯಮ ಬರೆದರೂ ಬೀದಿಯ ಗೇಟಿಗೆ ಬೀಗ ಹಾಕಿರುವಾಗ ಮನೆಯ ಬಾಗಿಲು ತೆರೆದಿಟ್ಟ ಹಾಗೆ. ವ್ಯಾನ್ ಪುಟದ ವಿಳಾಸವೂ ಹೊರಗಿನ ತಾಣವೊಂದು ತೋರಿಸುವ ವಿಳಾಸವೂ ಒಂದೇ ಆಗಿವೆಯೇ ಎಂದು ನೋಡಲು ಅರ್ಧ ನಿಮಿಷ ಸಾಕಾಗಿತ್ತು.

ಸೇವಾದಾರರಿಗೆ ಮಾಡಿದ ಮೊದಲ ನಾಲ್ಕು ಕರೆಗಳಲ್ಲಿ "ನಿಮ್ಮ ನೆಟ್ ಸರಿಯಾಗಿಯೇ ಇದೆಯಲ್ಲ ಸರ್" ಎಂಬುದಕ್ಕಿಂತ ಹೆಚ್ಚಿನ ಮಾತು ಬರಲಿಲ್ಲ. ಐದನೆಯ ಸಲ ಸಿಕ್ಕ ತಂತ್ರಜ್ಞರು ಮಾತ್ರ ವಿಷಯ ಹಿಡಿದರು. ತಿಂಗಳ ಬಿಲ್ಲಿನ ಕಾಲು ಭಾಗದಷ್ಟು ಹೆಚ್ಚುವರಿ ಶುಲ್ಕಕ್ಕೆ ಸ್ಥಿರ ಸಾರ್ವಜನಿಕ ವಿಳಾಸ ಸಿಕ್ಕಿತು. ಆಮೇಲೂ ಅವರ ಪೆಟ್ಟಿಗೆ ಒಂದು ನ್ಯಾಟ್, ನನ್ನ ರೂಟರ್ ಇನ್ನೊಂದು ನ್ಯಾಟ್ ಮಾಡುತ್ತಿದ್ದುದರಿಂದ ಅವರ ಪೆಟ್ಟಿಗೆಯನ್ನು ಬ್ರಿಡ್ಜ್ ಮೋಡಿಗೆ (ನ್ಯಾಟ್ ಮಾಡದೆ ದಾಟಿಸುವ ಸ್ಥಿತಿಗೆ) ಹಾಕಿಸಿ, ಸೇವಾದಾರರ ನೆಟ್‌ವರ್ಕಿಗೆ ಸೇರುವ ಪಿಪಿಪಿಒಇ ಲಾಗಿನ್ ಅನ್ನು ನನ್ನ ರೂಟರ್‌ಗೆ ತಂದುಕೊಂಡೆ.

ರೂಟರ್‌ನಲ್ಲಿ ಹೋಸ್ಟಿಗೆ 192.168.1.20, ಲಿಬ್‌ವರ್ಟ್‌ನ ಡೀಫಾಲ್ಟ್ ನೆಟ್‌ವರ್ಕಿನಲ್ಲಿ ವಿಎಂಗೆ 192.168.122.50 ಎಂದು ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲೇ ಕಾಯ್ದಿರಿಸಿದೆ. ಹೊರಗಿನ ಪೋರ್ಟ್ ರೂಟರ್‌ನಿಂದ ಹೋಸ್ಟಿಗೆ, ಹೋಸ್ಟಿನ ಪ್ರೀರೌಟಿಂಗ್‌ನಲ್ಲಿ (ಒಳಬಂದ ಪ್ಯಾಕೆಟ್ ಮೊದಲು ಹಾಯುವ ಹಂತದಲ್ಲಿ) ಬರೆದ ಡಿನ್ಯಾಟ್ (ತಲುಪಬೇಕಾದ ವಿಳಾಸ ಬದಲಿಸುವ) ನಿಯಮದಿಂದ ವಿಎಂಗೆ. ಬರೆದು, ಮೊಬೈಲ್ ಡೇಟಾದಿಂದ ಪರೀಕ್ಷಿಸಿದರೆ "ಕನೆಕ್ಷನ್ ರೆಫ್ಯೂಸ್ಡ್" ಎಂಬ ಉತ್ತರ ಬಂತು. ಟೈಮ್‌ಔಟ್ ಆಗಿದ್ದರೆ ನಡುವೆ ಯಾವುದೋ ಫೈರ್‌ವಾಲ್ ನುಂಗುತ್ತಿದೆ ಎಂದುಕೊಳ್ಳುತ್ತಿದ್ದೆ; ರೆಫ್ಯೂಸ್ಡ್ ಎಂದರೆ ಪ್ಯಾಕೆಟ್ ವಿಎಂ ತಲುಪಿದೆ, ಅಲ್ಲಿ ಕೇಳುವವರಿಲ್ಲ ಎಂಬ ಲೆಕ್ಕದಲ್ಲಿ ವಿಎಂನೊಳಗಿನ ಎಸ್‌ಎಸ್‌ಎಚ್ ಸರ್ವರನ್ನು ಎರಡು ಸಲ ತೆಗೆದು ಮತ್ತೆ ಹಾಕಿದೆ. ಅದು ಎಲ್ಲ ವಿಳಾಸಗಳ ಮೇಲೂ ನೆಟ್ಟಗೆ ಕೇಳುತ್ತಲೇ ಇತ್ತು.

ಈ ಘಟ್ಟದಲ್ಲಿ ನಾನು ಮಾಡಿದ ತಪ್ಪು ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್‌ಗೆ ಕೊಟ್ಟ ಸೋಸುವಿಕೆಯಲ್ಲಿತ್ತು. ಹೋಸ್ಟಿನ ವೈಫೈ ಇಂಟರ್‌ಫೇಸಿನಲ್ಲಿ ಆ ಒಂದು ಟಿಸಿಪಿ ಪೋರ್ಟನ್ನು ಮಾತ್ರ ನೋಡುತ್ತಿದ್ದೆ, ಸಿನ್ (ಸಂಪರ್ಕ ಕೋರುವ ಮೊದಲ ಪ್ಯಾಕೆಟ್) ಬರುವುದು ಕಾಣುತ್ತಿತ್ತು, ಬೇರೇನೂ ಕಾಣುತ್ತಿರಲಿಲ್ಲ. ಸೋಸುವಿಕೆಯನ್ನೇ ತೆಗೆದುಹಾಕಿ ನೋಡಿದ ರಾತ್ರಿ ಪ್ರತಿ ಸಿನ್‌ನ ಬೆನ್ನಿಗೇ ಹೋಸ್ಟಿನಿಂದ ಹೊರಡುವ ಒಂದು ಐಸಿಎಂಪಿ (ದೋಷ ತಿಳಿಸುವ) ಪ್ಯಾಕೆಟ್ ಕಾಣಿಸಿತು: ಪೋರ್ಟ್ ಅನ್‌ರೀಚಬಲ್. ನಿರಾಕರಿಸುತ್ತಿದ್ದುದು ವಿಎಂ ಅಲ್ಲ, ನನ್ನ ಹೋಸ್ಟೇ. ಲಿನಕ್ಸ್‌ನ ಫೈರ್‌ವಾಲ್ ಐಪಿಟೇಬಲ್ಸ್‌ನ ಎಣಿಕೆಗಳನ್ನು (ಪ್ರತಿ ನಿಯಮಕ್ಕೆ ಸಿಕ್ಕ ಪ್ಯಾಕೆಟ್‌ಗಳ ಲೆಕ್ಕವನ್ನು) ತೆರೆದಿಟ್ಟುಕೊಂಡು ಫೋನಿನಿಂದ ಒಂದೊಂದೇ ಸಲ ಕರೆ ಮಾಡಿದೆ. ಲಿಬ್‌ವರ್ಟ್ ತಾನೇ ಕಟ್ಟಿಕೊಂಡ ಒಳಬರುವ ಸರಪಣಿಯ (ನಿಯಮಗಳ ಪಟ್ಟಿಯ) ಕೊನೆಯ ರಿಜೆಕ್ಟ್ ಸಾಲಿನಲ್ಲಿ 11 ಇದ್ದದ್ದು 12 ಆಯಿತು, 12 ಇದ್ದದ್ದು 13 ಆಯಿತು. ನ್ಯಾಟ್ ನೆಟ್‌ವರ್ಕಿಗೆ ಹೊರಗಿನಿಂದ ಹೊಸ ಸಂಪರ್ಕ ಬರಬಾರದೆಂಬುದು ಲಿಬ್‌ವರ್ಟ್‌ನ ಉದ್ದೇಶವೇ ಆಗಿರುವುದರಿಂದ ಡಿನ್ಯಾಟ್ ಒಂದೇ ಸಾಲದು. ಫಾರ್ವರ್ಡ್ ಸರಪಣಿಯಲ್ಲಿ ಅದರ ಸಾಲುಗಳಿಗಿಂತ ಮೇಲೆ ನಮ್ಮ ಅಕ್ಸೆಪ್ಟ್ ಸಾಲು ಕೂರಬೇಕು. ಒಂದು ಸಾಲು ಸೇರಿಸಿದೆ, ಬಾಗಿಲು ತೆರೆಯಿತು. ಅಂದು ರಾತ್ರಿ ಒಂದೂವರೆ ಗಂಟೆಗೆ ಜೊತೆಯಲ್ಲಿ ಕೆಲಸ ಮಾಡುವ ಆ ಇಬ್ಬರಿಗೂ ಸ್ಕ್ರೀನ್‌ಶಾಟ್ ಕಳಿಸಿದೆನೆಂಬುದನ್ನು ಮುಚ್ಚಿಡುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಹೊಸ ಲಿಬ್‌ವರ್ಟ್ ತನ್ನ ನಿಯಮಗಳನ್ನು ಐಪಿಟೇಬಲ್ಸ್‌ನ ಉತ್ತರಾಧಿಕಾರಿ ಎನ್‌ಎಫ್‌ಟೇಬಲ್ಸ್‌ನಲ್ಲಿ ಪ್ರತ್ಯೇಕ ಟೇಬಲ್ ಮಾಡಿ ಇಡುತ್ತದೆ, ಮತ್ತು ಅಲ್ಲಿ ಒಂದು ಟೇಬಲ್ಲಿನ ಅಕ್ಸೆಪ್ಟ್ ಇನ್ನೊಂದರ ರಿಜೆಕ್ಟ್ ಅನ್ನು ತಡೆಯುವುದಿಲ್ಲ. ನಿಯಮ ಮೇಲಿದ್ದರೂ ಸಂಪರ್ಕ ಬೀಳುತ್ತಿದ್ದರೆ ಇದನ್ನು ನೋಡಬೇಕು. ನಾನು ಲಿಬ್‌ವರ್ಟ್‌ನ ನೆಟ್‌ವರ್ಕ್ ಕಾನ್ಫಿಗ್ ಫೈಲಿನಲ್ಲಿ ಫೈರ್‌ವಾಲ್ ಬ್ಯಾಕೆಂಡನ್ನು ಐಪಿಟೇಬಲ್ಸ್‌ಗೆ ಬದಲಿಸಿ ಪಾರಾದೆ.

ಸಂತೋಷ ಒಂದು ವಾರ ಉಳಿಯಿತು. ಹೋಸ್ಟ್ ರೀಬೂಟ್ ಆದಾಗ ಕೈಯಿಂದ ಹಾಕಿದ ನಿಯಮಗಳೆಲ್ಲ ಹೋದವು. ಬೂಟ್ ಸಮಯದಲ್ಲೇ ಅವು ಮರಳುವಂತೆ ಮಾಡಿದರೆ, ಲಿಬ್‌ವರ್ಟ್ ಆಮೇಲೆ ಎದ್ದು ತನ್ನ ಸಾಲುಗಳನ್ನು ಮೇಲಕ್ಕೆ ತುರುಕಿತು. ಇದಕ್ಕೆ ಸರಿಯಾದ ಜಾಗ ಲಿಬ್‌ವರ್ಟ್‌ನ ಹುಕ್ಸ್ ಡೈರೆಕ್ಟರಿಯಲ್ಲಿರುವ ಕ್ಯೂಇಎಂಯು ಸ್ಕ್ರಿಪ್ಟ್ (ಹುಕ್ಕು). ವಿಎಂ ಶುರುವಾದಾಗ ಮತ್ತು ನಿಂತಾಗ ಅದನ್ನು ಲಿಬ್‌ವರ್ಟ್ ತಾನೇ ಕರೆಯುತ್ತದೆ. ನಾನು ಜಾಣತನ ತೋರಲು ಹೋಗಿ ವಿಎಂನ ವಿಳಾಸವನ್ನು ಕೇಳುವ ವರ್ಶ್ (ಲಿಬ್‌ವರ್ಟ್‌ನ) ಕಮಾಂಡನ್ನು ಆ ಸ್ಕ್ರಿಪ್ಟಿನೊಳಗೇ ಬರೆದೆ. ಲಿಬ್‌ವರ್ಟ್ ಹುಕ್ಕಿಗಾಗಿ ಕಾಯಿತು, ಹುಕ್ಕು ಲಿಬ್‌ವರ್ಟ್‌ಗಾಗಿ ಕಾಯಿತು, ವಿಎಂ ಏಳಲೇ ಇಲ್ಲ. ಹುಕ್ಕಿನೊಳಗಿನಿಂದ ಲಿಬ್‌ವರ್ಟನ್ನು ಮತ್ತೆ ಕರೆಯಬಾರದೆಂದು ದಸ್ತಾವೇಜಿನಲ್ಲಿ ಸ್ಪಷ್ಟವಾಗಿಯೇ ಬರೆದಿದ್ದಾರೆ. ನಾನು ಓದಿದ್ದು ಆಮೇಲೆ. ವಿಳಾಸ ಹೇಗೂ ಸ್ಥಿರವಾಗಿದ್ದುದರಿಂದ ಅದನ್ನೇ ಸ್ಕ್ರಿಪ್ಟಿನಲ್ಲಿ ಬರೆದು ಮುಗಿಸಿದೆ.

ಎಲ್ಲಕ್ಕಿಂತ ನಾಚಿಕೆಯ ಪ್ರಸಂಗ ಇನ್ನೊಂದಿದೆ. ಮನೆಯೊಳಗಿನಿಂದ ಸಾರ್ವಜನಿಕ ವಿಳಾಸಕ್ಕೆ ಕರೆ ಮಾಡಿದರೆ ಸಂಪರ್ಕ ಆಗುತ್ತಿರಲಿಲ್ಲ. ಅದು ರೂಟರ್‌ನ ಹೇರ್‌ಪಿನ್ ಸಮಸ್ಯೆ: ಒಳಗಿನಿಂದ ಹೊರಟು ಒಳಗೇ ಮರಳಬೇಕಾದ ಪ್ಯಾಕೆಟ್ಟನ್ನು ಅದು ತಿರುಗಿಸುವುದಿಲ್ಲ. ಹೊರಗಿನವರಿಗೆ ಅದರಿಂದ ತೊಂದರೆಯೇನೂ ಇರಲಿಲ್ಲ. ಆದರೂ ಸರಿಪಡಿಸಲು ಹೊರಟು, ಮೂಲ ವಿಳಾಸದ ಮಿತಿಯಿಲ್ಲದೆ ಹೋಸ್ಟಿನಲ್ಲಿ ಒಂದು ಮಾಸ್ಕರೇಡ್ ನಿಯಮ (ಕಳಿಸಿದವರ ವಿಳಾಸದ ಬದಲು ಹೋಸ್ಟಿನ ವಿಳಾಸ ಹಾಕುವ ನಿಯಮ) ಬರೆದೆ. ಮನೆಯ ಸಮಸ್ಯೆ ಬಗೆಹರಿಯಲಿಲ್ಲ, ಹೊಸದೊಂದು ಹುಟ್ಟಿತು. ಅಂದಿನಿಂದ ವಿಎಂಗೆ ಪ್ರಪಂಚದ ಎಲ್ಲರೂ 192.168.122.1 (ವಿಎಂ ಕಡೆಗಿನ ಹೋಸ್ಟಿನ ವಿಳಾಸ) ಎಂಬ ಒಬ್ಬನೇ ಮನುಷ್ಯನಾಗಿ ಕಾಣತೊಡಗಿದರು. ಎರಡನೆಯ ರಾತ್ರಿ ಯಾವುದೋ ಬಾಟ್ (ತಾನಾಗಿ ದಾಳಿ ಮಾಡುವ ತಂತ್ರಾಂಶ) ಸುಳ್ಳು ಹೆಸರುಗಳಿಂದ ಎಸ್‌ಎಸ್‌ಎಚ್ ತಟ್ಟಿದಾಗ ಪದೇ ಪದೇ ವಿಫಲವಾಗುವ ವಿಳಾಸಗಳನ್ನು ತಡೆಯುವ ಫೇಲ್‌ಟುಬ್ಯಾನ್ ತನ್ನ ಕರ್ತವ್ಯ ಮಾಡಿತು: ಆ ಒಬ್ಬನನ್ನು ನಿಷೇಧಿಸಿತು. ಬಾಟ್‌ನೊಂದಿಗೆ ನಾನೂ ಹೊರಗುಳಿದೆ. ಹೋಸ್ಟಿನ ಮುಂದೆ ಕುಳಿತು ವಿಎಂನ ಕನ್ಸೋಲ್ ತೆರೆದು ನಿಷೇಧದ ಪಟ್ಟಿ ನೋಡಿದಾಗ ಅದರಲ್ಲಿ ಒಂದೇ ಒಂದು ವಿಳಾಸವಿತ್ತು. ಮಾಸ್ಕರೇಡ್ ಅಳಿಸಿದ ಮೇಲೆ ಲಾಗಿನಲ್ಲಿ ನಿಜವಾದ ಮೂಲ ವಿಳಾಸಗಳು ಮರಳಿದವು. ಹೇರ್‌ಪಿನ್ ಬದಲಿಗೆ ಈಗ ಮನೆಯೊಳಗೆ, ಹೊರಗಿನಿಂದ ಬಳಸುವ ಅದೇ ಡೊಮೇನ್ ಹೆಸರು ಹೋಸ್ಟಿನ ವಿಳಾಸವನ್ನು ಕೊಡುವಂತೆ ಸ್ಥಳೀಯ ಡಿಎನ್‌ಎಸ್‌ನಲ್ಲಿ (ಹೆಸರಿಗೆ ವಿಳಾಸ ಹೇಳುವ ಸೇವೆಯಲ್ಲಿ) ಒಂದು ಸಾಲು ಬರೆದಿದ್ದೇನೆ.

ಬಾಟುಗಳ ಮಾತು ಬಂದದ್ದರಿಂದ ಒಂದು ಪ್ರಯೋಗವನ್ನು ಹೇಳಬೇಕು. ಕುತೂಹಲಕ್ಕೆಂದು ಹೊರಗಿನ ಪೋರ್ಟನ್ನು ಒಂದು ವಾರ 22 ಎಂದೇ ಇಟ್ಟು, ಮರುವಾರ ಐದಂಕಿಯ ಒಂದು ಪೋರ್ಟಿಗೆ ಸರಿಸಿದೆ. ಮೊದಲ ವಾರದಲ್ಲಿ ದಿನಕ್ಕೆ ಎರಡು, ಮೂರು ಸಾವಿರ ವಿಫಲ ಪ್ರಯತ್ನಗಳಿದ್ದವು; ಎರಡನೆಯ ವಾರದಲ್ಲಿ ಇಡೀ ವಾರಕ್ಕೆ ಇಪ್ಪತ್ತನ್ನೂ ಮೀರಲಿಲ್ಲ. ಇದರಿಂದ ಭದ್ರತೆ ಹೆಚ್ಚಿತೆಂದು ನಾನು ಹೇಳುವುದಿಲ್ಲ, ಪಾಸ್‌ವರ್ಡ್ ಲಾಗಿನ್ ಮೊದಲ ದಿನದಿಂದಲೂ ಬಂದ್ ಆಗಿತ್ತು. ಲಾಗ್ ಓದುವಂತಾಯಿತು, ಅಷ್ಟೇ. ಈಗ ಬಳಸುವ ಪೋರ್ಟ್ ಯಾವುದು, ಅದು ತೆರೆಯುವ ಮುನ್ನ ನಡೆಯಬೇಕಾದ ಇನ್ನೊಂದು ಸಣ್ಣ ಕ್ರಮ ಏನು ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಸೇವಾದಾರರು 80ನ್ನು (ಸಾಮಾನ್ಯ ವೆಬ್‌ನ ಪೋರ್ಟನ್ನು) ಒಳಬರಲು ಬಿಡುವುದಿಲ್ಲವಾದ್ದರಿಂದ, ವೆಬ್ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನ ಸಾಮಾನ್ಯ ಪರಿಶೀಲನೆ ಸಾಧ್ಯವಾಗಲಿಲ್ಲ. ಡಿಎನ್‌ಎಸ್ ದಾಖಲೆಯ ಮೂಲಕ ಮಾಡುವ ಪರಿಶೀಲನೆಗೆ ಯಾವ ಪೋರ್ಟೂ ತೆರೆದಿರಬೇಕಾಗಿಲ್ಲ. ಆ ದಾರಿಯಲ್ಲಿ 90 ದಿನಗಳ ಪ್ರಮಾಣಪತ್ರ ತಾನಾಗಿ ನವೀಕರಣವಾಗುತ್ತಿದೆ.

ಸ್ಥಿರ ವಿಳಾಸ ಸಿಗುವ ಮುನ್ನ ಹತಾಶೆಯಿಂದ ಮಾಡಿದ ಇನ್ನೊಂದು ಪ್ರಯತ್ನವೂ ವ್ಯರ್ಥವಾಗಲಿಲ್ಲ. ಅತ್ಯಂತ ಚಿಕ್ಕ ಬಾಡಿಗೆ ಸರ್ವರ್ ಒಂದನ್ನು ಹಿಡಿದು ವಿಎಂನಿಂದ ಅದಕ್ಕೆ ಎಸ್‌ಎಸ್‌ಎಚ್ ಹಿಮ್ಮುಖ ಸುರಂಗ (ಒಳಗಿನಿಂದ ಹೊರಟ ಸಂಪರ್ಕದ ಮೂಲಕವೇ ಹೊರಗಿನವರನ್ನು ಒಳಗೆ ತರುವ ದಾರಿ) ಹಾಕಿದ್ದೆ. ಸುರಂಗ ನಿಂತರೂ ಹೊರಗಿನವರಿಗೆ ಪೋರ್ಟ್ ಸಿಗದೆ ಒಂದು ಸಂಜೆ ಹೋಯಿತು. ಸರ್ವರ್ ಕಡೆ ಗೇಟ್‌ವೇಪೋರ್ಟ್ಸ್ ಆಯ್ಕೆಯನ್ನು ತೆರೆಯದಿದ್ದರೆ ಅದು ಲೂಪ್‌ಬ್ಯಾಕಿಗಷ್ಟೇ (ಸರ್ವರಿನ ಒಳವಿಳಾಸಕ್ಕಷ್ಟೇ) ಅಂಟಿಕೊಳ್ಳುತ್ತದೆ. ಆಮೇಲೆ ವೈರ್‌ಗಾರ್ಡ್ ಎಂಬ ವಿಪಿಎನ್‌ಗೆ ಬದಲಿಸಿ, ನ್ಯಾಟ್‌ನ ನೆನಪು ಮಾಸದಂತೆ 25 ಸೆಕೆಂಡಿಗೊಮ್ಮೆ ಕೀಪ್‌ಅಲೈವ್ (ಸಂಪರ್ಕವನ್ನು ಜೀವಂತವಿಡುವ ಸಣ್ಣ ಪ್ಯಾಕೆಟ್) ಕಳಿಸುವಂತೆ ಇಟ್ಟೆ. ಸಿಜಿನ್ಯಾಟ್ ಹಿಂದಿನಿಂದಲೂ ಇದು ಚೆನ್ನಾಗಿ ನಡೆಯಿತು. ಪ್ರತಿ ಪ್ಯಾಕೆಟ್ ಸುತ್ತಿ ಬರುವುದರಿಂದ 40 ಮಿಲಿಸೆಕೆಂಡಿನಷ್ಟು ವಿಳಂಬ ಹೆಚ್ಚಿತು, ಬಾಡಿಗೆ ಸ್ಥಿರ ವಿಳಾಸದ ಶುಲ್ಕಕ್ಕಿಂತ ಒಂದೂವರೆ ಪಟ್ಟು ಆಯಿತು. ಲೆಕ್ಕ ಹಾಕಿ ಅದನ್ನು ಬಿಟ್ಟೆ, ಆದರೆ ಕಾನ್ಫಿಗ್ ಫೈಲನ್ನು ಅಳಿಸಿಲ್ಲ. ಬೇಡದ ರೂಟರ್ ಮತ್ತು ಸೇವಾದಾರರ ಹೆಚ್ಚುವರಿ ಶುಲ್ಕ ಸೇರಿಸಿದರೂ ಒಟ್ಟು ಖರ್ಚು, ನನಗೆ ಬೇಕಾದ 8 ಜಿಬಿ ಮೆಮೊರಿಯ ಯಂತ್ರವನ್ನು ಇಷ್ಟೇ ಕಾಲ ಬಾಡಿಗೆಗೆ ಹಿಡಿದಿದ್ದರೆ ಆಗುತ್ತಿದ್ದುದರ ಅರ್ಧವೂ ಆಗಿಲ್ಲ. ನನ್ನ ನಿದ್ದೆಗೆಟ್ಟ ರಾತ್ರಿಗಳನ್ನು ಲೆಕ್ಕಕ್ಕೆ ಹಿಡಿಯದಿದ್ದರೆ.

ಈಗ ವಿದ್ಯುತ್ ಹೋಗಿ ಬಂದರೆ ಹೋಸ್ಟ್ ತಾನಾಗಿ ಏಳುತ್ತದೆ, ವಿಎಂ ಅದರ ಹಿಂದೆ ಏಳುತ್ತದೆ, ಹುಕ್ಕು ತನ್ನ ಸಾಲುಗಳನ್ನು ಹಾಕುತ್ತದೆ. ಎರಡು ನಿಮಿಷ ಕಳೆಯುವಷ್ಟರಲ್ಲಿ ಹೊರಗಿನಿಂದ ಉತ್ತರ ಬರುತ್ತದೆ. ದಂಡದ ಕೆಲಸ ಎಂದಿದ್ದ ಇಬ್ಬರಲ್ಲಿ ಒಬ್ಬರು ಕಳೆದ ತಿಂಗಳು ತಮ್ಮ ಐಪಿಟೇಬಲ್ಸ್ ಪಟ್ಟಿಯನ್ನು ಕಳಿಸಿ, ಎಲ್ಲ ಸರಿ ಇದ್ದರೂ ಸಂಪರ್ಕ ಆಗುತ್ತಿಲ್ಲ, ರೂಟರ್ ಬದಲಿಸಲೇ ಎಂದು ಕೇಳಿದರು. ಪಟ್ಟಿಯನ್ನು ನಾನು ತೆರೆಯಲಿಲ್ಲ. ವ್ಯಾನ್ ಪುಟದಲ್ಲಿರುವ ವಿಳಾಸದ ಮೊದಲ ಎರಡು ಸಂಖ್ಯೆಗಳನ್ನು ಓದಿ ಹೇಳಿ ಎಂದೆ. ನೂರು, ಎಂಬತ್ತೊಂದು ಎಂದರು.