ಮರಿಗಳ ತೂಕ ಬರೆದೆ, ತಾಯಿಯನ್ನು ಮರೆತೆ

ಚುಕ್ಕಿಗೆ ಅದು ಚೊಚ್ಚಲ ಹೆರಿಗೆ, ನನಗೂ. ಆರು ಕಿಲೋ ತೂಗುವ ಪುಟ್ಟ ನಾಯಿ ಆರು ಮರಿ ಹಾಕಿದ್ದಳು, ಆರೂ ಉಳಿದಿದ್ದವು. ನಾನು ಒಂದು ನೋಟ್‌ಬುಕ್ ತಂದು ಗೆರೆ ಎಳೆದು, ಪ್ರತಿ ಬೆಳಿಗ್ಗೆ ಒಂದೊಂದೇ ಮರಿಯನ್ನು ತಕ್ಕಡಿಯ ಮೇಲಿಟ್ಟು ತೂಕ ಬರೆಯುತ್ತಿದ್ದೆ. ಎಳೆಯ ಮರಿ ದಿನಕ್ಕೆ ಶೇ 5ರಿಂದ 10ರಷ್ಟು ತೂಕ ಏರಿಸಿಕೊಂಡರೆ ಹಾಲು ಸಾಲುತ್ತಿದೆ ಎಂದು ಅರ್ಥ. ನನ್ನ ಆರೂ ಮರಿಗಳು ದಿನದಿನಕ್ಕೆ ಉಬ್ಬುತ್ತಿದ್ದವು. ಪುಟ ನೋಡಿ ಹಿಗ್ಗುತ್ತಿದ್ದೆ. ಆ ಹಾಲೆಲ್ಲ ಬರುತ್ತಿರುವುದು ಆರು ಕಿಲೋದ ಒಂದು ಮೈಯಿಂದ ಎಂಬುದು ತಲೆಗೆ ಹೋಗಲೇ ಇಲ್ಲ.

ಹದಿನೆಂಟನೆಯ ದಿನ ಸಂಜೆ ಚುಕ್ಕಿ ಮರಿಗಳ ಪೆಟ್ಟಿಗೆಯಿಂದ ಪದೇ ಪದೇ ಎದ್ದು ಬರತೊಡಗಿದಳು. ಮರಿಗಳು ಮೊಲೆಗೆ ಬಾಯಿ ಹಾಕಿದ ಕೂಡಲೇ ಎದ್ದುಬಿಡುತ್ತಿದ್ದಳು. ನಾಲಿಗೆ ಚಾಚಿ ತೇಕುತ್ತಿದ್ದಳು. ಸೆಖೆ ಇರಬೇಕೆಂದು ಫ್ಯಾನ್ ಹಾಕಿದೆ. ಆಮೇಲೆ ಮುಂಗಾಲಿನಿಂದ ಮುಖ ಉಜ್ಜಿಕೊಳ್ಳಲು ಶುರು ಮಾಡಿದಳು, ಮುಖಕ್ಕೆ ಜೇಡರ ಬಲೆ ಅಂಟಿದೆಯೇನೋ ಎಂಬಂತೆ. ಮರಿಗಳಿಗೆ ಹಲ್ಲು ಮೂಡುವ ಹೊತ್ತು ಹತ್ತಿರವಾಗಿತ್ತು. ಕಚ್ಚುತ್ತಿರಬಹುದು, ಅದಕ್ಕೇ ರೇಗಿದ್ದಾಳೆ ಎಂದುಕೊಂಡೆ. ಹೀಗೆ ಒಂದೊಂದು ಲಕ್ಷಣಕ್ಕೂ ಒಂದೊಂದು ಸಮಜಾಯಿಷಿ ಹುಡುಕುತ್ತ ಮುಕ್ಕಾಲು ಗಂಟೆ ಕಳೆದೆ. ಎಲ್ಲವನ್ನೂ ಒಟ್ಟಿಗೆ ನೋಡಿದ್ದರೆ ಒಂದೇ ಉತ್ತರ ಸಾಕಿತ್ತು.

ನನ್ನನ್ನು ಎಚ್ಚರಿಸಿದ್ದು ಅವಳ ನಡಿಗೆ. ನೀರಿನ ಬಟ್ಟಲಿನತ್ತ ಹೊರಟವಳ ಹಿಂಗಾಲುಗಳು ಮಡಚುತ್ತಿರಲಿಲ್ಲ. ಮರಗಾಲು ಕಟ್ಟಿಕೊಂಡವರಂತೆ ನಡೆದಳು. ಪಕ್ಕೆಯ ಮೇಲೆ ಕೈಯಿಟ್ಟರೆ ಚರ್ಮದ ಕೆಳಗೆ ಸ್ನಾಯುಗಳು ಸಣ್ಣಗೆ ಅದುರುತ್ತಿದ್ದವು. ಗುದದ್ವಾರದಲ್ಲಿ ಥರ್ಮಾಮೀಟರ್ ಇಟ್ಟು ನೋಡಿದೆ: 105.4 ಡಿಗ್ರಿ ಫ್ಯಾರನ್‌ಹೀಟ್. ನಾಯಿಗೆ 100.5ರಿಂದ 102.5 ಸಹಜ.

ಫೋನಿನಲ್ಲಿ ಪಶುವೈದ್ಯೆ ಕೇಳಿದ್ದು ಎರಡೇ ಪ್ರಶ್ನೆ. ಮರಿ ಹಾಕಿ ಎಷ್ಟು ದಿನವಾಯಿತು? ಗಬ್ಬವಾಗಿದ್ದಾಗ ಕ್ಯಾಲ್ಸಿಯಂ ಕೊಟ್ಟಿದ್ದಿರಾ? ಎರಡನೆಯದಕ್ಕೆ ಹೆಮ್ಮೆಯಿಂದಲೇ ಹೇಳಿದೆ: ದಿನವೂ ಕೊಟ್ಟಿದ್ದೇನೆ ಡಾಕ್ಟರೇ, ಒಂದು ದಿನವೂ ತಪ್ಪಿಸಿಲ್ಲ. ಆ ಕಡೆ ಒಂದು ಕ್ಷಣ ಮೌನ. ಬಳಿಕ, "ಮರಿಗಳನ್ನು ಈಗಲೇ ಬೇರೆ ಮಾಡಿ. ಬಾಯಿಗೆ ಏನೂ ಹಾಕಬೇಡಿ. ತಕ್ಷಣ ಹೊರಟು ಬನ್ನಿ" ಎಂದರು.

ಬಾಯಿಗೆ ಹಾಕಬೇಡಿ ಎಂದದ್ದು ಏಕೆಂದು ದಾರಿಯಲ್ಲಿ ತಿಳಿಯಿತು. ಅರ್ಧ ದಾರಿಗೆ ಜೊಲ್ಲು ಸುರಿಯತೊಡಗಿತು, ದವಡೆ ಬಿಗಿಯಿತು, ಕಾಲುಗಳು ನಾಲ್ಕೂ ಸೆಟೆದವು. ಆ ಹೊತ್ತಿನಲ್ಲಿ ಕ್ಯಾಲ್ಸಿಯಂ ಸಿರಪ್ ಸುರಿದಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಹೊಟ್ಟೆಗೇ ಹೋಗಿದ್ದರೂ ರಕ್ತ ಸೇರುವಷ್ಟರಲ್ಲಿ ತಡವಾಗುತ್ತಿತ್ತು. ಅವಳನ್ನು ಅಲುಗಾಡಿಸದೆ, ಮಾತಾಡದೆ, ಗಾಳಿ ಆಡುವಂತೆ ಕಿಟಕಿ ತೆರೆದಿಟ್ಟು ಕರೆದೊಯ್ದೆ. ಸದ್ದು, ಬೆಳಕು, ಮೈ ಮುಟ್ಟುವುದು ಯಾವುದೂ ಸೆಳೆತವನ್ನು ಕೆರಳಿಸಬಲ್ಲದು.

ಚಿಕಿತ್ಸಾಲಯದಲ್ಲಿ ರಕ್ತ ತೆಗೆದರು, ಆದರೆ ವರದಿಗೆ ಕಾಯಲಿಲ್ಲ. ಹಾಲೂಡಿಸುವ ಪುಟ್ಟ ನಾಯಿ, ಮೂರನೆಯ ವಾರ, ಸೆಟೆದ ಕಾಲು, ಇಷ್ಟು ಸಾಕಾಗಿತ್ತು ಅವರಿಗೆ. ಶೇ 10ರ ಕ್ಯಾಲ್ಸಿಯಂ ಗ್ಲುಕೋನೇಟನ್ನು ರಕ್ತನಾಳಕ್ಕೆ ನಿಧಾನವಾಗಿ, ಬಹಳ ನಿಧಾನವಾಗಿ ಬಿಟ್ಟರು. ಒಂದು ಕೈ ಸಿರಿಂಜಿನ ಮೇಲೆ, ಕಿವಿ ಎದೆಬಡಿತದ ಮೇಲೆ. ಬಡಿತದ ಲಯ ಎರಡು ಬಾರಿ ಇಳಿಯಿತು, ಎರಡು ಬಾರಿಯೂ ಅವರು ಕೈ ನಿಲ್ಲಿಸಿ ಕಾದರು. ಬೇಗ ಕೊಟ್ಟರೆ ಇದೇ ಔಷಧಿ ಹೃದಯವನ್ನು ನಿಲ್ಲಿಸುತ್ತದೆ. ಚುಚ್ಚುಮದ್ದನ್ನು ಮನೆಯಲ್ಲೇ ಇಟ್ಟುಕೊಂಡು ತಾವೇ ಕೊಡುವವರಿದ್ದಾರೆಂದು ಕೇಳಿದ್ದೇನೆ. ಆ ಧೈರ್ಯ ನನಗೆ ಬೇಡ.

ಇಪ್ಪತ್ತು ನಿಮಿಷ. ಮೊದಲು ದವಡೆ ಸಡಿಲವಾಯಿತು, ಆಮೇಲೆ ಮುಂಗಾಲು, ಕೊನೆಗೆ ಹಿಂಗಾಲು. ಜ್ವರಕ್ಕೆಂದು ಬೇರೆ ಔಷಧಿ ಕೊಡಲೇ ಇಲ್ಲ. ಸ್ನಾಯುಗಳು ಬಿಡುವಿಲ್ಲದೆ ದುಡಿದು ಹುಟ್ಟಿಸಿದ ಶಾಖ ಅದು; ಅದುರು ನಿಂತ ಮೇಲೆ ತಾನೇ ಇಳಿಯಿತು. ನಾನು ತಣ್ಣೀರ ಬಟ್ಟೆ ಹಿಡಿದು ನಿಂತಿದ್ದೆ. "ಇನ್ನು ಸಾಕು, ಈಗ ತಣಿಸಿದರೆ ಮೈ ಬೇಕಾದ್ದಕ್ಕಿಂತ ಕೆಳಗೆ ಹೋಗುತ್ತದೆ" ಎಂದು ತೆಗೆಸಿದರು. ವರದಿ ಬಂದಾಗ ರಕ್ತದ ಕ್ಯಾಲ್ಸಿಯಂ ಡೆಸಿಲೀಟರ್‌ಗೆ 6.1 ಮಿಲಿಗ್ರಾಂ ಇತ್ತು. ಸಾಮಾನ್ಯವಾಗಿ 9ರಿಂದ 11ರ ಆಸುಪಾಸಿನಲ್ಲಿರಬೇಕು. ಸಕ್ಕರೆಯ ಅಂಶವೂ ಕುಸಿದಿತ್ತು, ಅದಕ್ಕೂ ಗ್ಲುಕೋಸ್ ಕೊಟ್ಟರು.

ಇದಕ್ಕೆ ಎಕ್ಲಾಂಪ್ಸಿಯಾ ಎನ್ನುತ್ತಾರೆ, ಹಾಲುಜ್ವರ ಎಂದೂ ಕರೆಯುವುದುಂಟು. ಹೆಸರಿಗೆ ಜ್ವರ, ಮೂಲ ಕ್ಯಾಲ್ಸಿಯಂ ಕೊರತೆ. ಹಾಗಾದರೆ ದಿನವೂ ಮಾತ್ರೆ ನುಂಗಿದವಳಿಗೇ ಕೊರತೆ ಬಂದದ್ದು ಹೇಗೆ? ವೈದ್ಯೆ ವಿವರಿಸಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಮೂಳೆ ಎಂದರೆ ಕ್ಯಾಲ್ಸಿಯಂ ಕಣಜ. ಅದರ ಬೀಗದ ಕೈ ಕುತ್ತಿಗೆಯಲ್ಲಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳ ಬಳಿ ಇದೆ. ರಕ್ತದಲ್ಲಿ ಕಡಿಮೆಯಾದ ಕೂಡಲೇ ಅವು ಹಾರ್ಮೋನು ಸುರಿಸಿ ಕಣಜ ತೆರೆಯುತ್ತವೆ. ಬಸುರಿನ ಉದ್ದಕ್ಕೂ ಹೊರಗಿನಿಂದ ಮಾತ್ರೆ ಬರುತ್ತಲೇ ಇದ್ದರೆ ಆ ಕಾವಲುಗಾರನಿಗೆ ಕೆಲಸವೇ ಇಲ್ಲ, ತೂಕಡಿಸುತ್ತಾನೆ. ಹೆರಿಗೆಯಾಗಿ ಆರು ಬಾಯಿ ಒಟ್ಟಿಗೆ ಹಾಲು ಎಳೆಯತೊಡಗಿದಾಗ ಅವನನ್ನು ಎಬ್ಬಿಸುವುದಕ್ಕೇ ಹೊತ್ತು ಹಿಡಿಯುತ್ತದೆ. ಮಾತ್ರೆ ಕೊಡದ ನಾಯಿಗಳಿಗೂ ಇದು ಬರುತ್ತದೆ, ಪುಟ್ಟ ತಳಿಗೆ ಮರಿ ಹೆಚ್ಚಾದಾಗ ಅದರಲ್ಲೂ ಮುಖ್ಯವಾಗಿ. ಮೊದಲ ನಾಲ್ಕು ವಾರಗಳಲ್ಲಿ ಹೆಚ್ಚು. ನಾನು ಮಾತ್ರ ನನ್ನ ಕೈಯಾರೆ ದಾರಿ ಸುಗಮ ಮಾಡಿಕೊಟ್ಟಿದ್ದೆ. ಈಗ ಗಬ್ಬದ ನಾಯಿಗೆ ಗಬ್ಬದ ನಾಯಿಗೆಂದೇ ಸಮತೋಲನ ಮಾಡಿದ ಆಹಾರ ಕೊಡುತ್ತೇನೆ, ಮೇಲೆ ಕ್ಯಾಲ್ಸಿಯಂ ಇಲ್ಲ. ಹೆರಿಗೆಯ ನಂತರ ಬೇಕೋ ಬೇಡವೋ ಎಂಬುದು ವೈದ್ಯರ ತೀರ್ಮಾನ.

ಚುಕ್ಕಿ ಬದುಕಿದ ರಾತ್ರಿಯೇ ನಿಜವಾದ ದುಡಿಮೆ ಶುರುವಾಯಿತು. ಒಂದು ದಿನ ಪೂರ್ತಿ ಮರಿಗಳನ್ನು ಅವಳ ಬಳಿ ಬಿಡುವಂತಿಲ್ಲ. ಹಸುವಿನ ಹಾಲು ನಾಯಿಯ ಹಾಲಿನಷ್ಟು ಗಟ್ಟಿಯಲ್ಲ, ಕೊಬ್ಬು ಮತ್ತು ಪ್ರೋಟೀನು ಎರಡೂ ಕಡಿಮೆ. ಅದಕ್ಕೇ ನಾಯಿಮರಿಗಳಿಗೆಂದೇ ಬರುವ ಹಾಲಿನ ಪುಡಿ ತಂದೆ. ಮಗುವನ್ನು ಮಲಗಿಸಿದಂತೆ ಮರಿಯನ್ನು ಅಂಗಾತ ಹಿಡಿದೆ. ಮೊದಲನೆಯದೇ ಕೆಮ್ಮಿತು, ಮೂಗಿನಲ್ಲಿ ಹಾಲು ಬಂತು. ಮರಿ ಹೊಟ್ಟೆ ಕೆಳಗಾಗಿಯೇ ಕುಡಿಯಬೇಕು, ತಾಯಿಯ ಬಳಿ ಕುಡಿಯುವ ಹಾಗೆ, ತಲೆ ತುಸು ಎತ್ತಿಕೊಂಡು. ಕುಡಿಸಿದ ಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಬಾಲದ ಕೆಳಗೆ ಒರೆಸಿದೆ. ಹದಿನೆಂಟು ದಿನದ ಮರಿಗಳಲ್ಲಿ ಕೆಲವಕ್ಕೆ ಅದರ ಅಗತ್ಯ ಇನ್ನೂ ಇತ್ತು. ಆರನೆಯದನ್ನು ಮುಗಿಸುವಷ್ಟರಲ್ಲಿ ಮೊದಲನೆಯದು ಮತ್ತೆ ಕುಂಯ್‌ಗುಟ್ಟುತ್ತಿತ್ತು. ಪಕ್ಕದ ಕೋಣೆಯಲ್ಲಿ ಚುಕ್ಕಿ ಆ ಸದ್ದು ಕೇಳಿ ಬಾಗಿಲು ಕೆರೆಯುತ್ತಿದ್ದಳು. ಆ ಕೆರೆತ ಕೇಳಿ ಎರಡು ಸಲ ಬಾಗಿಲಿನವರೆಗೆ ಹೋಗಿದ್ದೆ.

ಮರುದಿನದಿಂದ ಸ್ವಲ್ಪ ಹೊತ್ತು ಮಾತ್ರ ಬಿಟ್ಟು, ಮಿಕ್ಕ ಹೊಟ್ಟೆಯನ್ನು ಬಾಟಲಿಯಿಂದ ತುಂಬಿಸಿದೆ. ಮೂರು ವಾರ ತುಂಬುತ್ತಲೇ ಮೆತ್ತಗೆ ನೆನೆಸಿದ ಆಹಾರ ನೆಕ್ಕಿಸಲು ಶುರು ಮಾಡಿದೆ. ಮರಿಗಳು ಹಾಲು ಬಿಡುವವರೆಗೆ ಚುಕ್ಕಿಗೆ ಬಾಯಿಯ ಮೂಲಕ ಕ್ಯಾಲ್ಸಿಯಂ ನಡೆಯಿತು, ಈ ಬಾರಿ ಲೆಕ್ಕವಾಗಿ, ವೈದ್ಯೆ ಬರೆದಷ್ಟೇ.

ಅದಾದ ಎರಡು ವರ್ಷಕ್ಕೆ ಇನ್ನೊಂದು ನಾಯಿ, ದೊಡ್ಡ ಮೈಯವಳು. ಅವಳ ತೊಂದರೆಯನ್ನು ಮೊದಲು ತಿಳಿಸಿದ್ದು ಮರಿಗಳ ತೂಕವೇ, ಹೀಗಾಗಿ ನೋಟ್‌ಬುಕ್ಕನ್ನು ಪೂರ್ತಿ ಬಯ್ಯುವಂತಿಲ್ಲ. ಎರಡು ಮರಿಗಳ ತೂಕ ನಿಂತುಹೋಯಿತು, ಅವು ರಾತ್ರಿಯಿಡೀ ಅತ್ತವು. ತಾಯಿಯನ್ನು ಮಗ್ಗುಲಿಗೆ ಮಲಗಿಸಿ ಮೊಲೆಗಳನ್ನು ಒಂದೊಂದಾಗಿ ಒತ್ತಿ ನೋಡಿದೆ. ಹಿಂದಿನ ಬಲಗಡೆಯದು ಕಲ್ಲಿನಂತಿತ್ತು, ಬಿಸಿಯಾಗಿ ಕೆಂಪೇರಿತ್ತು; ಮುಟ್ಟಿದರೆ ಗುರ್ರೆನ್ನುತ್ತಿದ್ದಳು. ಹಿಂಡಿದರೆ ಹಳದಿ, ನೂಲುನೂಲಾದ ಹಾಲು. ಕೆಚ್ಚಲುಬಾವು. ಮರಿಗಳ ಉಗುರು ಕತ್ತರಿಸದೆ ಬಿಟ್ಟದ್ದರಿಂದ ಮೊಲೆಯ ಸುತ್ತ ಗೀರುಗಳಾಗಿದ್ದವು, ಸೋಂಕಿಗೆ ಅಷ್ಟು ಬಾಗಿಲು ಸಾಕು. ಅವಳ ನೋವು ನೋಡಲಾರದೆ ಮನೆಯಲ್ಲಿದ್ದ ಪ್ಯಾರಾಸಿಟಮಾಲ್‌ಗೆ ಕೈ ಹಾಕಿದ್ದೆ. ನಾಯಿಗೆ ಅದನ್ನು ನಮ್ಮ ಅಳತೆಯಲ್ಲಿ ಕೊಟ್ಟರೆ ಪಿತ್ತಜನಕಾಂಗ ಹಾಳಾಗುತ್ತದೆ, ಐಬುಪ್ರೊಫೆನ್ ಇನ್ನೂ ಅಪಾಯ. ಹಾಲಿನ ಮೂಲಕ ಮರಿಗಳಿಗೂ ಹೋಗುವುದರಿಂದ ಆಂಟಿಬಯೋಟಿಕ್ ಯಾವುದು ಎಂಬುದನ್ನೂ ನೋಡಿ ಆರಿಸಬೇಕು. ಬೆಚ್ಚಗಿನ ಬಟ್ಟೆಯ ಶಾಖ, ದಿನಕ್ಕೆ ಹಲವು ಬಾರಿ ಹಿಂಡುವುದು, ಆಂಟಿಬಯೋಟಿಕ್ ಮಾತ್ರೆ; ವಾರದಲ್ಲಿ ಇಳಿಯಿತು. ಮೊಲೆ ನೇರಳೆಗೋ ಕಪ್ಪಿಗೋ ತಿರುಗಿ ತಣ್ಣಗಾಗಿದ್ದರೆ ಶಸ್ತ್ರಚಿಕಿತ್ಸೆಯೇ ಗತಿಯಾಗುತ್ತಿತ್ತು.

ಗರ್ಭಕೋಶದ ಸೋಂಕು ನನ್ನ ನಾಯಿಗಳಿಗೆ ಬಂದಿಲ್ಲ, ಆದರೆ ಮೂಗು ಅದಕ್ಕಾಗಿ ಸದಾ ಕಾಯುತ್ತಿರುತ್ತದೆ. ಹೆರಿಗೆಯ ಹೊತ್ತಿನ ಗಾಢ ಹಸಿರು ಸ್ರಾವ ಕಂಡು ಹೊಸಬರು ಹೆದರುತ್ತಾರೆ. ಅದು ಮಾಸಿನ ಬಣ್ಣ, ಆಮೇಲೆ ಕೆಂಪು ಮಿಶ್ರಿತ ಕಂದಾಗಿ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತ ನಿಲ್ಲುತ್ತದೆ. ದುರ್ವಾಸನೆ ಬಂದರೆ, ಜೊತೆಗೆ ಜ್ವರ, ಮಂಕು, ಮರಿಗಳ ಕಡೆ ತಿರುಗಿಯೂ ನೋಡದಿರುವುದು ಸೇರಿದರೆ, ಬೆಳಗಾಗಲಿ ಎಂದು ಕಾಯುವುದಿಲ್ಲ.

ಈಗಿನ ನೋಟ್‌ಬುಕ್ಕಿನಲ್ಲಿ ಮೊದಲ ಸಾಲು ತಾಯಿಯದು. ಬೆಳಿಗ್ಗೆ ಸಂಜೆ ಉಷ್ಣಾಂಶ, ತಿಂದದ್ದೆಷ್ಟು, ಮೊಲೆಗಳು ಹೇಗಿವೆ, ಸ್ರಾವದ ಬಣ್ಣ, ನಡಿಗೆ. ಹೆರಿಗೆಯಾದ ಮೊದಲೊಂದೆರಡು ದಿನ ಉಷ್ಣಾಂಶ ತುಸು ಏರಿರುವುದುಂಟು, ಅದಕ್ಕೆ ಗಾಬರಿಪಡುವುದಿಲ್ಲ. ಮೂರು ನಾಲ್ಕನೆಯ ವಾರಕ್ಕೆ ಹಾಲು ತುತ್ತತುದಿಗೇರಿದಾಗ ತಾಯಿ ಮಾಮೂಲಿನ ಎರಡು ಮೂರು ಪಟ್ಟು ತಿನ್ನಬೇಕಾಗುತ್ತದೆ. ಬಟ್ಟಲು ಖಾಲಿಯಾಗದೆ ಉಳಿದರೆ ಅದನ್ನೂ ಬರೆಯುತ್ತೇನೆ. ಇಷ್ಟೆಲ್ಲಕ್ಕೆ ಐದು ನಿಮಿಷ ಸಾಕು.

ಒಮ್ಮೆ ಎಕ್ಲಾಂಪ್ಸಿಯಾ ಬಂದವಳಿಗೆ ಮುಂದಿನ ಹೆರಿಗೆಯಲ್ಲೂ ಮರುಕಳಿಸುವ ಸಂಭವ ಇರುವುದರಿಂದ, ಹಾಲು ಬತ್ತಿದ ಮೇಲೆ ಚುಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದೆ. ಅವಳ ಕಾಲದ ಹಳೆಯ ನೋಟ್‌ಬುಕ್ ಇನ್ನೂ ಇದೆ. ಹದಿನೆಂಟನೆಯ ದಿನದ ಬೆಳಿಗ್ಗೆ ಆರು ಮರಿಗಳ ತೂಕ ಅಚ್ಚುಕಟ್ಟಾಗಿ ಬರೆದಿದ್ದೇನೆ, ಎಲ್ಲವೂ ಏರಿಕೆ. ಅದರ ಕೆಳಗೆ ಬೇರೆ ಪೆನ್ನಿನಲ್ಲಿ, ವಕ್ರ ಅಕ್ಷರದಲ್ಲಿ, ಫೋನಿನಲ್ಲಿ ಮಾತಾಡುತ್ತಲೇ ಗೀಚಿದ ಒಂದು ಅಂಕಿ ಇದೆ: 105.4.