ಪಾಸ್ ಅಂತ ಬಂದರೆ ಸಾಕಾ? ನೆಟ್‌ವರ್ಕ್ ಕೇಬಲ್ ಸರ್ಟಿಫೈ ಮಾಡುವಾಗಿನ ನನ್ನ ಅನುಭವ

ಆಫೀಸು ಕಟ್ಟಡಗಳಲ್ಲಿ ಎಳೆದ ನೆಟ್‌ವರ್ಕ್ ಕೇಬಲ್‌ಗಳನ್ನು ಟೆಸ್ಟ್ ಮಾಡಿ ಸರ್ಟಿಫೈ ಮಾಡುವುದು, ಅಂದರೆ ಮಾನದಂಡಕ್ಕೆ ತಕ್ಕ ಹಾಗಿವೆ ಅಂತ ಅಳೆದು ಖಚಿತಪಡಿಸುವುದು ನನ್ನ ಕೆಲಸ. ಇದನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಫಾಲ್ಸ್ ಸೀಲಿಂಗ್ ಮುಚ್ಚಿದ ಮೇಲೆ ಒಂದು ಲಿಂಕ್ ಫೇಲ್ ಆದರೆ ಮತ್ತೆ ಎಲ್ಲ ಬಿಚ್ಚಬೇಕು. ಹಾಗಾಗಿ ಮೊದಲ ಕೆಲವು ಕೇಬಲ್‌ಗಳಿಗೆ ಜ್ಯಾಕ್ (ತುದಿಯ ಸಾಕೆಟ್) ಕೂರಿಸಿದ ತಕ್ಷಣ ಟೆಸ್ಟರ್ ಹಾಕಿ ನೋಡುತ್ತೇನೆ. ಮುಂದೆ ಬಳಸುವುದೂ ಅದೇ ಕೇಬಲ್, ಅದೇ ಜ್ಯಾಕ್, ಕೆಲಸ ಮಾಡುವವರೂ ಅವರೇ. ತೊಂದರೆ ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಟೆಸ್ಟ್ ಶುರು ಮಾಡುವ ಮೊದಲು ಲಿಮಿಟ್, ಅಂದರೆ ಪಾಸ್-ಫೇಲ್ ತೀರ್ಮಾನಿಸುವ ಮಿತಿ, ಸರಿಯಾಗಿ ಆರಿಸಬೇಕು. ಕೇಬಲ್‌ನ ದರ್ಜೆ ಕ್ಯಾಟ್ 6 ಅಂದರೆ 250 ಮೆಗಾಹರ್ಟ್ಸ್ ತನಕ, ಕ್ಯಾಟ್ 6ಎ ಅಂದರೆ 500 ತನಕ ಅಳೆಯಬೇಕು. 6ಎ ಕೇಬಲ್ ಹಾಕಿ ಕ್ಯಾಟ್ 6 ಲಿಮಿಟ್‌ನಲ್ಲಿ ಪಾಸ್ ತೋರಿಸಿದರೆ, ಮೇಲಿನ ಅರ್ಧವನ್ನು ಯಾರೂ ನೋಡಿಲ್ಲ ಅಂತಲೇ ಅರ್ಥ. ಇನ್ನೊಂದು, ಪರ್ಮನೆಂಟ್ ಲಿಂಕ್ ಬೇರೆ, ಚಾನೆಲ್ ಬೇರೆ. ಕೇಬಲ್‌ಗಳೆಲ್ಲ ಬಂದು ಸೇರುವ ಪ್ಯಾಚ್ ಪ್ಯಾನೆಲ್‌ನಿಂದ ಗೋಡೆಯ ಜ್ಯಾಕ್ ತನಕ ಇರುವುದು ಪರ್ಮನೆಂಟ್ ಲಿಂಕ್, ಹೆಚ್ಚೆಂದರೆ 90 ಮೀಟರ್. ಎರಡೂ ಕಡೆ ಸಾಧನಗಳಿಗೆ ಸಿಕ್ಕಿಸುವ ಸಣ್ಣ ಕೇಬಲ್, ಅಂದರೆ ಪ್ಯಾಚ್ ಕಾರ್ಡ್, ಸೇರಿದರೆ ಚಾನೆಲ್, 100 ಮೀಟರ್. ಚಾನೆಲ್ ಲಿಮಿಟ್ ಸ್ವಲ್ಪ ಸಡಿಲ. ಪರ್ಮನೆಂಟ್ ಲಿಂಕನ್ನು ಚಾನೆಲ್ ಲಿಮಿಟ್‌ನಲ್ಲಿ ಅಳೆದರೆ ಫೇಲ್ ಆಗಬೇಕಾದದ್ದೂ ಪಾಸ್ ಆಗಿಬಿಡಬಹುದು. ಪ್ಯಾಚ್ ಕಾರ್ಡ್ ನಾಳೆ ಯಾರು ಬೇಕಾದರೂ ಬದಲಾಯಿಸುತ್ತಾರೆ, ಗೋಡೆಯೊಳಗಿನ ಕೇಬಲ್ ವರ್ಷಗಟ್ಟಲೆ ಇರುತ್ತದೆ. ಹಾಗಾಗಿ ನಾನು ಯಾವಾಗಲೂ ಪರ್ಮನೆಂಟ್ ಲಿಂಕ್ ಟೆಸ್ಟನ್ನೇ ಕೇಳುತ್ತೇನೆ.

‘ಎಂಟೂ ಲೈಟ್ ಹತ್ತಿತು, ಇನ್ನೇನು ಬೇಕು’ ಅನ್ನುವವರು ಇವತ್ತಿಗೂ ಸಿಗುತ್ತಾರೆ. ಲೈಟ್ ಹತ್ತುವ ಟೆಸ್ಟರ್ ಹೇಳುವುದು ತಂತಿ ಈ ತುದಿಯಿಂದ ಆ ತುದಿಗೆ ಸೇರಿದೆ ಅಂತ ಮಾತ್ರ. ಕೇಬಲ್‌ನ ಎಂಟು ತಂತಿಗಳನ್ನು ಎರಡೆರಡಾಗಿ ಜೋಡಿ ಹೆಣೆದಿರುತ್ತಾರೆ. ಜ್ಯಾಕ್‌ನಲ್ಲಿ 3 ಮತ್ತು 6ನೇ ಪಿನ್ ಒಂದು ಜೋಡಿ, 4 ಮತ್ತು 5 ಇನ್ನೊಂದು ಜೋಡಿ. ಯಾರಾದರೂ ಎರಡೂ ತುದಿಯಲ್ಲಿ 3-4, 5-6 ಅಂತ ಸಾಲಾಗಿ ಕೂರಿಸಿದರೂ ಎಲ್ಲ ಲೈಟೂ ಹತ್ತುತ್ತದೆ. ಆದರೆ ಜೋಡಿ ಒಡೆದಿರುತ್ತದೆ. ಒಟ್ಟಿಗೆ ಹೆಣೆದ ತಂತಿಗಳಲ್ಲಿ ಒಂದೇ ಸಿಗ್ನಲ್ ಹೋಗುತ್ತಿಲ್ಲ, ಪಕ್ಕದ ಜೋಡಿಯ ಗದ್ದಲ ಒಳಗೆ ಬರುತ್ತದೆ. ಸರ್ಟಿಫೈ ಮಾಡುವ ಟೆಸ್ಟರ್‌ನಲ್ಲಿ ಇದು ನೆಕ್ಸ್ಟ್ (NEXT, ಒಂದು ಜೋಡಿಯಿಂದ ಪಕ್ಕದ ಜೋಡಿಗೆ ಸೋರುವ ಗದ್ದಲದ ಅಳತೆ) ಫೇಲ್ ಆಗಿ ತಕ್ಷಣ ಸಿಕ್ಕಿಬೀಳುತ್ತದೆ.

ಫೇಲ್ ಬಂದಾಗ ನಮ್ಮವರು ಮಾಡುವ ಮೊದಲ ಕೆಲಸ ಜ್ಯಾಕ್ ಕಿತ್ತು ಮತ್ತೆ ಪಂಚ್ ಮಾಡುವುದು, ಅಂದರೆ ತಂತಿಗಳನ್ನು ಒತ್ತಿ ಕೂರಿಸುವುದು. ಅದಕ್ಕೆ ಮುಂಚೆ, ತೊಂದರೆ ಕೇಬಲ್‌ನಲ್ಲಿ ಎಷ್ಟು ದೂರದಲ್ಲಿದೆ ಅಂತ ಟೆಸ್ಟರ್ ತೋರಿಸುವ ಗ್ರಾಫ್ ನೋಡಿ ಅಂತ ಹೇಳಿ ಹೇಳಿ ನನಗೆ ಸಾಕಾಗಿದೆ. ನೆಕ್ಸ್ಟ್ ಏರಿಕೆ ತುದಿಯಲ್ಲೇ ಕಂಡರೆ ಜ್ಯಾಕ್ ನೋಡಬೇಕು. ಸಾಮಾನ್ಯವಾಗಿ ಜೋಡಿಯ ಟ್ವಿಸ್ಟ್ (ಹೆಣಿಗೆ) ಜಾಸ್ತಿ ಬಿಚ್ಚಿರುತ್ತಾರೆ. ಬಿಚ್ಚಿದ ಭಾಗ 13 ಮಿಲಿಮೀಟರ್ ದಾಟಬಾರದು. ತೊಂದರೆ ಮಧ್ಯದಲ್ಲಿ ಕಂಡರೆ ಜ್ಯಾಕ್ ಎಷ್ಟು ಸಲ ಬದಲಿಸಿದರೂ ಪ್ರಯೋಜನ ಇಲ್ಲ.

ಒಂದು ಕಟ್ಟಡದಲ್ಲಿ ಒಂದೇ ಮಹಡಿಯ ಸಾಲು ಸಾಲು ಲಿಂಕ್‌ಗಳು ಸಿಗ್ನಲ್ ಎಷ್ಟು ವಾಪಸ್ ಪುಟಿಯುತ್ತದೆ ಅಂತ ಅಳೆಯುವ ರಿಟರ್ನ್ ಲಾಸ್‌ನಲ್ಲಿ ಫೇಲ್ ಆಗುತ್ತಿದ್ದವು. ಹುಡುಗರು ಜ್ಯಾಕ್ ಬದಲಿಸುತ್ತಲೇ ಇದ್ದರು. ರಿಸಲ್ಟ್‌ಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದೆ. ಎಲ್ಲದರಲ್ಲೂ ಪ್ಯಾನೆಲ್‌ನಿಂದ ಹೆಚ್ಚುಕಮ್ಮಿ ಅಷ್ಟೇ ದೂರದಲ್ಲಿ ಒಂದು ಗುರುತು. ಏಣಿ ಹಾಕಿ ಹತ್ತಿದರೆ, ಕೇಬಲ್ ಟ್ರೇ ತಿರುಗುವ ಮೂಲೆಯಲ್ಲಿ ಇಡೀ ಕಟ್ಟನ್ನು ಚೂಪು ಅಂಚಿಗೆ ಎಳೆದು, ಪ್ಲಾಸ್ಟಿಕ್ ಟೈನಿಂದ ಬಿಗಿದಿದ್ದರು. ಕೇಬಲ್‌ನ ದಪ್ಪದ ನಾಲ್ಕು ಪಟ್ಟಿಗಿಂತ ಕಡಿಮೆ ತ್ರಿಜ್ಯದಲ್ಲಿ ಬಗ್ಗಿಸಬಾರದು ಅನ್ನುವ ನಿಯಮ ಅಲ್ಲಿ ಪಾಲನೆ ಆಗಿರಲಿಲ್ಲ. ಟೈ ಕತ್ತರಿಸಿ, ಅಂಚು ಸರಿ ಮಾಡಿ ಸಡಿಲ ಬಿಟ್ಟಾಗ ಕೆಲವು ಪಾಸ್ ಆದವು. ಒಳಗೆ ಜಜ್ಜಿಹೋದವನ್ನು ಹೊಸದಾಗಿ ಎಳೆಯಬೇಕಾಯಿತು. ಸೀಲಿಂಗ್ ಇನ್ನೂ ಮುಚ್ಚಿರಲಿಲ್ಲ, ಅದರಿಂದ ಕೆಲಸ ಸುಲಭವಾಯಿತು.

ಉದ್ದ ಕಡಿಮೆ ಇದ್ದೂ ರೆಸಿಸ್ಟೆನ್ಸ್ ಜಾಸ್ತಿ ಬಂದರೆ ನನ್ನ ಅನುಮಾನ ಕೇಬಲ್ ಮೇಲೆ ಹೋಗುತ್ತದೆ. ಅಲ್ಯೂಮಿನಿಯಂ ಮೇಲೆ ತಾಮ್ರ ಲೇಪಿಸಿದ ತಂತಿ ನೋಡಲು ತಾಮ್ರದ ಹಾಗೇ ಇರುತ್ತದೆ. ತುದಿ ಕೆರೆದರೆ ಬಿಳಿ ಬಣ್ಣ ಕಾಣುತ್ತದೆ. ಕ್ಯಾಮೆರಾ, ವೈಫೈ ಪೆಟ್ಟಿಗೆಗಳಿಗೆ ಇದೇ ಕೇಬಲ್‌ನಲ್ಲಿ ಕರೆಂಟ್ ಹೋಗುವಾಗ ಅದು ಜಾಸ್ತಿ ಬಿಸಿಯಾಗುತ್ತದೆ. ಅಂಥ ಕೇಬಲ್ ಸಿಕ್ಕರೆ ನಾನು ವಾಪಸ್ ಕಳಿಸಿ ಅಂತಲೇ ಬರೆಯುತ್ತೇನೆ.

ಇನ್ನು ನಕ್ಷತ್ರ ಗುರುತಿನ ಪಾಸ್. ಲಿಮಿಟ್‌ಗೂ ಅಳತೆಗೂ ಇರುವ ಅಂತರ ಟೆಸ್ಟರ್‌ನ ನಿಖರತೆಗಿಂತ ಕಡಿಮೆ ಇದ್ದಾಗ ಈ ಗುರುತು ಬರುತ್ತದೆ. ನಿಯಮದಲ್ಲಿ ಅದನ್ನು ಒಪ್ಪುತ್ತಾರೆ. ಒಂದೆರಡು ಕಡೆ ಬಂದರೆ ಜ್ಯಾಕ್ ಮತ್ತೆ ಕೂರಿಸಿ ಟೆಸ್ಟ್ ಮಾಡಿಸುತ್ತೇನೆ. ಎಲ್ಲ ಕಡೆ ಬರುತ್ತಿದ್ದರೆ ಮೊದಲು ಟೆಸ್ಟರ್‌ನ ಅಡಾಪ್ಟರ್ ಸವೆದಿದೆಯಾ, ರೆಫರೆನ್ಸ್ ಸೆಟ್ (ಟೆಸ್ಟರ್‌ನ ಎರಡೂ ಭಾಗಗಳನ್ನು ಪರಸ್ಪರ ಜೋಡಿಸಿ ಹೊಂದಿಸುವುದು) ಮಾಡಿದ್ದಾರಾ, ಕ್ಯಾಲಿಬ್ರೇಶನ್ ಅವಧಿ ಮುಗಿದಿದೆಯಾ ನೋಡುತ್ತೇನೆ.

ರಿಪೋರ್ಟ್ ಕೊಡುವಾಗ ಪಿಡಿಎಫ್ ಜೊತೆಗೆ ಟೆಸ್ಟರ್‌ನ ಮೂಲ ಫೈಲನ್ನೂ ಕೊಡುತ್ತೇನೆ, ಗ್ರಾಫ್‌ಗಳೆಲ್ಲ ಅದರಲ್ಲಿ ಇರುತ್ತವೆ. ಜ್ಯಾಕ್ ಮೇಲಿನ ಲೇಬಲ್, ಪ್ಯಾನೆಲ್ ಮೇಲಿನ ಲೇಬಲ್, ಫೈಲ್‌ನೊಳಗಿನ ಹೆಸರು ಮೂರೂ ಒಂದೇ ಆಗಿರಬೇಕು. ಕೊನೆಗೆ ಕಟ್ಟಡದ ಎಂಜಿನಿಯರ್‌ಗೆ, ನಿಮಗೆ ಬೇಕಾದ ಕೆಲವು ಲಿಂಕ್ ಆರಿಸಿ ಅನ್ನುತ್ತೇನೆ. ಅವರ ಎದುರೇ ಮತ್ತೆ ಟೆಸ್ಟ್ ಮಾಡಿ, ರಿಪೋರ್ಟ್‌ನಲ್ಲಿರುವ ಅಂಕಿಗಳ ಜೊತೆ ಹೋಲಿಸಿ ತೋರಿಸುತ್ತೇನೆ. ಆಮೇಲೆಯೇ ಸಹಿ.